ಉತ್ತರ ಇಂಗ್ಲೆಂಡಿನ ಹಳೆಯ ಊರುಗಳೂ ಕಡಲ ತಡಿಯೂ

ನಮ್ಮ ದೇಶದಿಂದ ಇಂಗ್ಲೆಂಡಿಗೆ ಹೋದವರು ನೋಡಿ ಬರತಕ್ಕ ಸ್ಥಳಗಳು ಇಂತಿಷ್ಟೆಂದು ಮೊದಲೇ ಗೊತ್ತಾಗಿರುತ್ತವೆ. ಲಂಡನ್ ನಗರ, ಆಕ್ಸ್‌ಫರ್ಡಿನ ಕಾಲೇಜುಗಳು, ಷೇಕ್ಸ್‌ಪಿಯರನ ಹುಟ್ಟೂರು, ಬಿಡುವಿದ್ದರೆ ವರ್ಡ್ಸ್‌ವರ್ತ್ ಕವಿಯ ಸರೋವರಗಳು. ಅಲ್ಲಿಗೆ ಯಾತ್ರೆ ಮುಗಿಯಿತು. ಪೂರ್ವದ ಕಡಲಿಗೆ ಮುಖಮಾಡಿ ನಿಂತಿರುವ ಯಾರ್ಕ್‌ಷೈರ್, ಡರಮ್, ನಾರ್ತಂಬರ್ಲೆಂಡ್ ಸೀಮೆಗಳನ್ನು ಸ್ಕಾಟ್ಲೆಂಡಿಗೆ ಓಡುವ ರೈಲಿನ ಕಿಟಕಿಯಿಂದ ಕಂಡವರುಂಟು. ಇಳಿದು ನೋಡಿದವರು ಕಡಮೆ. ಆದರೆ ಹೆಸರು ತಿಳಿದಿರುವ ಇಂಗ್ಲಿಷ್ ಕವಿಗಳಲ್ಲಿ ಮೊದಲನೆಯವನು ಹಾಡಿದ್ದು ಈ ತಡಿಯಲ್ಲಿ. ಆ ಜನದ ಮೊದಲ ಚರಿತ್ರಕಾರನಾದ ಬೀಡ್ ಎಂಬ ಸಂನ್ಯಾಸಿ ಕುಳಿತು ಬರೆದದ್ದೂ ಈ ಸೀಮೆಯಲ್ಲಿಯೇ. ಈ ಹೊತ್ತು ಅಲ್ಲಿಯ ನಾಲ್ಕಾರು ಊರುಗಳ ವಿಷಯವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಲಂಡನ್ನಿನಿಂದ ರೈಲಿನಲ್ಲಿ ಹೊರಟರೆ ಸುಮಾರು ಎರಡು ಗಂಟೆಗೆ ಯಾರ್ಕ್ ಪಟ್ಟಣ ಸಿಕ್ಕುತ್ತದೆ. ಕ್ರಿ.ಶ. 71ರಲ್ಲಿ ರೋಮನರು ದಂಡಿನ ಠಾಣ್ಯವಾಗಿ ಕಟ್ಟಿದ ಊರು ಇದು. ಸೆವೆರಸ್ ಚಕ್ರವರ್ತಿ 211ರಲ್ಲಿ ಸತ್ತದ್ದು ಇಲ್ಲಿ. ಕಾನ್‌ಸ್ಟಂಟೈನನನ್ನು ಸೈನಿಕರು 306ರಲ್ಲಿ ಚಕ್ರವರ್ತಿಯೆಂದು ಘೋಷಿಸಿದ್ದೂ ಇಲ್ಲಿ. 866ರಲ್ಲಿ ಡೇನರು ಹಡಗುಗಳಲ್ಲಿ ಬಂದು ಊರನ್ನು ಹಿಡಿದರು. ಅವರ ಆಳಿಕೆ ಹೋಗಿ ಸಾವಿರ ವರ್ಷಗಳಾದರೂ ಅವರ ಮಾತು ಮಾತ್ರ ಬೀದಿಗಳನ್ನು ಬಿಟ್ಟು ಹೋಗಿಲ್ಲ. ಇಲ್ಲಿ ಬೀದಿಗೆ ‘ಗೇಟ್’ ಎಂದು ಹೆಸರು. ಅದು ಡೇನರ ನುಡಿಯಲ್ಲಿ ದಾರಿಯೆಂಬರ್ಥದ ಶಬ್ದ. ಕೋಟೆಯ ಬಾಗಿಲನ್ನು ‘ಬಾರ್’ ಎನ್ನುತ್ತಾರೆ. ನಿಘಂಟನ್ನು ನಂಬಿ ಬಂದ ಪರಸ್ಥಳದವನು ಗೇಟನ್ನು ಹುಡುಕಿ ಬೀದಿಯಲ್ಲಿ ನಿಂತಿರುತ್ತಾನೆ, ಬಾರನ್ನು ಹುಡುಕಿ ಕೋಟೆಯ ಬಾಗಿಲಿಗೆ ಬರುತ್ತಾನೆ. 1976ರಿಂದ 1981ರ ವರೆಗೆ ಕಾಪರ್‌ಗೇಟ್ ಎಂಬ ಬೀದಿಯನ್ನು ಅಗೆದಾಗ ಡೇನರ ಮನೆಗಳೇ ಹೊರಬಿದ್ದವು. ನೀರು ತುಂಬಿದ ಜೌಗುಮಣ್ಣಿನಲ್ಲಿ ಚರ್ಮದ ಪಾದರಕ್ಷೆ, ಮರದ ಬಟ್ಟಲು, ಕೊಂಬಿನ ಬಾಚಣಿಗೆ, ಬಟ್ಟೆಯ ಚೂರು, ಯಾವುದೂ ಕೊಳೆಯದೆ ಉಳಿದಿದ್ದವು. ರಾಜರ ಶಾಸನಗಳು ಹೇಳದಿರುವುದನ್ನು ಇಂಥ ವಸ್ತುಗಳು ಹೇಳುತ್ತವೆ.

ಯಾರ್ಕಿನ ದೊಡ್ಡ ಇಗರ್ಜಿಯನ್ನು ಕಟ್ಟಿ ಮುಗಿಸಲು ಸುಮಾರು ಎರಡೂವರೆ ಶತಮಾನ ಹಿಡಿಯಿತು. ಅದರ ಪೂರ್ವದ ಕಿಟಕಿಯ ಬಣ್ಣದ ಗಾಜನ್ನು 1405ರಿಂದ 1408ರ ವರೆಗೆ ಜಾನ್ ಥಾರ್ನ್‌ಟನ್ ಎಂಬ ಕುಶಲಿ ಮೂರು ವರ್ಷದಲ್ಲಿ ಪೂರೈಸಿಕೊಟ್ಟನು. ಅವನಿಗೆ ಸಂದದ್ದು ಒಟ್ಟು 56 ಪೌಂಡು. ಸೃಷ್ಟಿಯ ಆದಿಯಿಂದ ಪ್ರಳಯದ ವರೆಗಿನ ಕಥೆಯೆಲ್ಲ ಆ ಒಂದು ಕಿಟಕಿಯಲ್ಲಿದೆ. ಎಲ್ಲರೂ ಇದನ್ನು ನೋಡುತ್ತಾರೆ, ನೋಡಬೇಕಾದದ್ದೇ. ಆದರೆ ಅಲ್ಲಿಂದ ಕೂಗಳತೆಯಲ್ಲಿ, ಒಂದು ದಿಬ್ಬದ ಮೇಲೆ, ಕ್ಲಿಫರ್ಡನ ಗೋಪುರವೆಂಬ ಬೋಳು ಕಟ್ಟಡವಿದೆ. 1190ರ ಮಾರ್ಚಿಯಲ್ಲಿ ಆ ಜಾಗದಲ್ಲಿದ್ದ ಮರದ ಗೋಪುರವನ್ನು ಊರಿನ ಯೆಹೂದ್ಯರು ಆಶ್ರಯಿಸಿದರು. ಸುತ್ತಲೂ ಗುಂಪು ಮುತ್ತಿತು. ಮುತ್ತಿದವರಲ್ಲಿ ಅವರಿಗೆ ಸಾಲ ತೀರಿಸಬೇಕಾದ ದೊಡ್ಡ ಮನುಷ್ಯರೂ ಇದ್ದರು. ಸುಮಾರು 150 ಮಂದಿ, ಬಹುಪಾಲು ತಮ್ಮ ಕೈಯಿಂದಲೇ, ಉಳಿದವರು ಗುಂಪಿನ ಕೈಯಿಂದ, ಸತ್ತರು. ಆಮೇಲೆ ಆ ಗುಂಪು ನೇರವಾಗಿ ಇಗರ್ಜಿಗೆ ಹೋಗಿ ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಟ್ಟಿತು. ಆ ಕಿಟಕಿಯನ್ನೂ ಈ ದಿಬ್ಬವನ್ನೂ ಒಂದೇ ದಿನದಲ್ಲಿ ನೋಡಿದವನಿಗೆ ಯಾರ್ಕ್ ತಿಳಿಯುತ್ತದೆ.

ಡರಮ್ ಪಟ್ಟಣದ ವಿಷಯದಲ್ಲಿ ಹೆಚ್ಚು ಹೇಳಲಾರೆ. ಅದು ಕಣ್ಣಿನಿಂದ ನೋಡಬೇಕಾದದ್ದು. ವಿಯರ್ ನದಿ ಹಗ್ಗದ ಕುಣಿಕೆಯಂತೆ ಬಳಸಿಕೊಂಡಿರುವ ಬಂಡೆಯ ಮೇಲೆ, 1093ರಲ್ಲಿ ಅಡಿಗಲ್ಲಿಟ್ಟು ನಲವತ್ತು ವರ್ಷದಲ್ಲಿ ಮುಗಿಸಿದ ದೇವಾಲಯ ನಿಂತಿದೆ. ಕಲ್ಲಿನ ಪಕ್ಕೆಲುಬುಗಳ ಮೇಲೆ ಎತ್ತರದ ಕಮಾನುಗಳನ್ನು ಹೊದಿಸುವ ವಿದ್ಯೆ ಯೂರೋಪಿನಲ್ಲಿ ಮೊದಮೊದಲು ಕೈಗೂಡಿದ ಸ್ಥಳಗಳಲ್ಲಿ ಇದೊಂದು. ಇದರಲ್ಲಿ ಬೀಡನ ಸಮಾಧಿಯಿದೆ. ಕತ್‌ಬರ್ಟ್ ಎಂಬ ಸಂತನ ಸಮಾಧಿಯಿದೆ. ಆ ಸಂತನು ಇಲ್ಲಿಯವನಲ್ಲ, ಕಡಲಿನ ನಡುವಣ ಒಂದು ನಡುಗಡ್ಡೆಯವನು.

ಆ ನಡುಗಡ್ಡೆಯ ಹೆಸರು ಲಿಂಡಿಸ್‌ಫಾರ್ನ್. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಅದು ದ್ವೀಪ. ಇಳಿತದಲ್ಲಿ ಮರಳ ಮೇಲೆ ನಡೆದು ಹೋಗಬಹುದು. ಈಗ ಮೋಟಾರು ಹೋಗುವ ರಸ್ತೆಯೂ ಇದೆ. ನೀರು ಬರುವ ವೇಳೆಯ ಪಟ್ಟಿಯನ್ನು ಅದರ ಪಕ್ಕದಲ್ಲೇ ಹಾಕಿದ್ದರೂ, ಐದು ನಿಮಿಷದಲ್ಲಿ ಏನಾದೀತೆಂದು ಹೊರಟು ನಡುನೀರಿನಲ್ಲಿ ಸಿಕ್ಕಿಬೀಳುವವರಿಗೆ ಕಡಮೆಯಿಲ್ಲ. ಅವರಿಗಾಗಿಯೇ ಕಂಬಗಳ ಮೇಲೆ ಒಂದು ಪುಟ್ಟ ಮನೆಯನ್ನು ಕಟ್ಟಿಟ್ಟಿದ್ದಾರೆ. 635ರಲ್ಲಿ ಐಡನ್ ಎಂಬ ಸಂನ್ಯಾಸಿ ಸ್ಕಾಟ್ಲೆಂಡಿನ ಅಯೋನ ದ್ವೀಪದಿಂದ ಇಲ್ಲಿಗೆ ಬಂದನು. ಅವನಿಗೆ ಈ ಸೀಮೆಯ ಭಾಷೆ ಸರಿಯಾಗಿ ಬಾರದು. ದೇಶಭ್ರಷ್ಟನಾಗಿದ್ದ ಕಾಲದಲ್ಲಿ ಐಡನನ ಭಾಷೆಯನ್ನು ಕಲಿತಿದ್ದ ಆಸ್ವಾಲ್ಡ್ ದೊರೆ ತಾನೇ ನಿಂತು ದುಭಾಷಿಯಾಗಿ ಅವನ ಉಪದೇಶವನ್ನು ತನ್ನ ಸರದಾರರಿಗೆ ಹೇಳುತ್ತಿದ್ದನೆಂದು ಬೀಡ್ ಬರೆದಿದ್ದಾನೆ. ದೊರೆಗಳು ದುಭಾಷಿಯ ಕೆಲಸ ಮಾಡಿದ ನಿದರ್ಶನ ಚರಿತ್ರೆಯಲ್ಲಿ ಅಪೂರ್ವ.

ಆ ಮಠದಲ್ಲಿ 700ರ ಸುಮಾರಿನಲ್ಲಿ ಸುವಾರ್ತೆಗಳ ಚಿತ್ರಮಯವಾದ ಒಂದು ಹೊತ್ತಗೆ ಸಿದ್ಧವಾಯಿತು. ಮೂಲ ಲ್ಯಾಟಿನ್ ಭಾಷೆ. ಹತ್ತನೆಯ ಶತಮಾನದಲ್ಲಿ ಆಲ್ಡ್ರೆಡ್ ಎಂಬುವನು, ನಮ್ಮ ಓಲೆಗರಿಗಳಲ್ಲಿ ಟೀಕು ಬರೆಯುತ್ತಿದ್ದಂತೆ, ಸಾಲುಗಳ ನಡುವೆ ಪದಕ್ಕೆ ಪದವಾಗಿ ಇಂಗ್ಲಿಷಿನ ಅರ್ಥವನ್ನು ಬರೆದನು. ಸುವಾರ್ತೆಗಳ ಉಳಿದುಬಂದಿರುವ ಇಂಗ್ಲಿಷ್ ಭಾಷಾಂತರಗಳಲ್ಲಿ ಅದೇ ಅತ್ಯಂತ ಹಳೆಯದು. 793ರಲ್ಲಿ ಉತ್ತರದ ಕಡಲ್ಗಳ್ಳರು ಮಠವನ್ನು ಸೂರೆಮಾಡಿದರು. 875ರಲ್ಲಿ ಸಂನ್ಯಾಸಿಗಳು ಕತ್‌ಬರ್ಟನ ಶವಪೆಟ್ಟಿಗೆಯನ್ನು ಹೊತ್ತುಕೊಂಡು ಅಲೆಯಲು ಹೊರಟು, ಅವರ ಪರಂಪರೆಯವರು 995ರಲ್ಲಿ ಡರಮ್ ಬಂಡೆಯ ಮೇಲೆ ನೆಲೆನಿಂತರು. ಹೊತ್ತಗೆ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆಗಾಗ ಉತ್ತರಕ್ಕೆ ಎರವಲು ಬರುತ್ತದೆ. 2013ರಲ್ಲಿ ಡರಮಿಗೂ 2022ರಲ್ಲಿ ನ್ಯೂಕಾಸಲಿಗೂ ಬಂದಿತ್ತು. ತಮ್ಮ ಮನೆಯ ವಸ್ತುವನ್ನು ಎರವಲಾಗಿ ಪಡೆಯಬೇಕಾದ ಸಂಕಟವನ್ನು ಅಲ್ಲಿಯ ಜನ ಮುಚ್ಚಿಡುವುದಿಲ್ಲ.

ಇನ್ನು ವಿಟ್ಬಿ. ಯಾರ್ಕ್‌ಷೈರಿನ ತಡಿಯಲ್ಲಿ, ಎಸ್ಕ್ ಎಂಬ ಸಣ್ಣ ನದಿ ಕಡಲನ್ನು ಸೇರುವಲ್ಲಿ, ಎರಡು ಗುಡ್ಡಗಳ ಮೈಗೆ ಕೆಂಪು ಹೆಂಚಿನ ಮನೆಗಳು ಒಂದರ ಮೇಲೊಂದು ಅಂಟಿಕೊಂಡಿವೆ. ಪೂರ್ವದ ಗುಡ್ಡಕ್ಕೆ 199 ಮೆಟ್ಟಿಲು. ಮೇಲೆ ಸಂತ ಮೇರಿಯ ಇಗರ್ಜಿ, ಸ್ಮಶಾನ, ಅದರಾಚೆ ಸೂರು ಹಾರಿಹೋದ ಮಠದ ಹಾಳು. 657ರಲ್ಲಿ ಇಲ್ಲಿ ಮಠವನ್ನು ಸ್ಥಾಪಿಸಿದವಳು ಹಿಲ್ಡಾ ಎಂಬ ರಾಜವಂಶದ ಸ್ತ್ರೀ. ಗಂಡಸರೂ ಹೆಂಗಸರೂ ಇದ್ದ ಮಠಕ್ಕೆ ಅವಳೇ ಒಡತಿ. 664ರಲ್ಲಿ ಇಲ್ಲೊಂದು ದೊಡ್ಡ ಸಭೆ ಸೇರಿತು. ವಿವಾದ, ಈಸ್ಟರ್ ಹಬ್ಬವನ್ನು ಯಾವ ದಿನ ಆಚರಿಸತಕ್ಕದ್ದೆಂಬುದು. ಐಡನನ ಸಂಪ್ರದಾಯದವರ ಲೆಕ್ಕ ಒಂದು, ರೋಮಿನವರ ಲೆಕ್ಕ ಇನ್ನೊಂದು. ಆಸ್ವೀ ದೊರೆ ಹಬ್ಬದೂಟ ಮಾಡುತ್ತಿದ್ದರೆ ಅವನ ರಾಣಿ ಇನ್ನೂ ಉಪವಾಸದಲ್ಲಿರುತ್ತಿದ್ದಳು. ಸ್ಮಾರ್ತರ ಏಕಾದಶಿಯೂ ವೈಷ್ಣವರ ಏಕಾದಶಿಯೂ ಬೇರೆ ಬೇರೆ ದಿನ ಬೀಳುವುದನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾದ್ದಿಲ್ಲ. ನಾವು ಎರಡನ್ನೂ ಇರಗೊಟ್ಟೆವು. ಅಲ್ಲಿ ದೊರೆ ರೋಮಿನ ಪಕ್ಷಕ್ಕೆ ತೀರ್ಪು ಕೊಟ್ಟನು. ಸ್ವರ್ಗದ ಬೀಗದ ಕೈ ಇರುವುದು ಪೀಟರನ ವಶದಲ್ಲಾದ್ದರಿಂದ ಅವನನ್ನು ಎದುರುಹಾಕಿಕೊಳ್ಳುವುದು ಕ್ಷೇಮವಲ್ಲವೆಂಬುದು ದೊರೆಯ ಯುಕ್ತಿ. ಐಡನನ ಕಡೆಯವರು ಎದ್ದು ತಮ್ಮ ದ್ವೀಪಕ್ಕೆ ಹೊರಟುಹೋದರು.

ಇದೇ ಮಠದಲ್ಲಿ ಕ್ಯಾಡ್ಮನ್ ಎಂಬ ದನಗಾಹಿ ಇದ್ದನು. ಊಟವಾದ ಮೇಲೆ ವೀಣೆ ಕೈಯಿಂದ ಕೈಗೆ ಬರುವುದು, ಬಂದವನು ಹಾಡುವುದು ಅಲ್ಲಿಯ ವಾಡಿಕೆ. ತನ್ನ ಸರದಿ ಹತ್ತಿರ ಬಂದಿತೆಂದರೆ ಕ್ಯಾಡ್ಮನ್ ನಾಚಿ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದನು. ಒಂದು ರಾತ್ರಿ ಕನಸಿನಲ್ಲಿ ಯಾರೋ ಬಂದು ಸೃಷ್ಟಿಯನ್ನು ಕುರಿತು ಹಾಡೆಂದು ಹೇಳಿದರು; ಅವನು ಹಾಡಿದನು. ಹಿಲ್ಡಾ ಅವನನ್ನು ದನಗಳ ಬಳಿಗೆ ಹಿಂದಿರುಗಿಸದೆ ಮಠದೊಳಕ್ಕೆ ಸೇರಿಸಿಕೊಂಡಳು. ಆ ಹಾಡಿನ ಒಂಬತ್ತು ಸಾಲು ಮಾತ್ರ ಉಳಿದಿವೆ. ವರ್ಷಂಪ್ರತಿ ಇಂಗ್ಲಿಷ್ ಸಾಹಿತ್ಯದ ತರಗತಿಯನ್ನು ನಾವು ಪ್ರಾರಂಭಮಾಡುವುದು ಈ ದನಗಾಹಿಯ ಹೆಸರಿನಿಂದ.

ವಿಟ್ಬಿಯ ಕಡಲ ಬಂಡೆಗಳಲ್ಲಿ ಸುರುಳಿಯಾಕಾರದ ಕಲ್ಲುಗಳು ಯಥೇಚ್ಛವಾಗಿ ಸಿಕ್ಕುತ್ತವೆ. ಹಿಲ್ಡಾ ಆ ಗುಡ್ಡದ ಹಾವುಗಳನ್ನೆಲ್ಲ ಕಲ್ಲುಮಾಡಿದಳೆಂದು ಜನರ ಐತಿಹ್ಯ. ಹಿಂದಿನ ಕಾಲದ ವ್ಯಾಪಾರಿಗಳು ಕಲ್ಲಿಗೆ ಹೆಡೆಯನ್ನೂ ಕೆತ್ತಿ ಮಾರುತ್ತಿದ್ದರು. ನಿಜವಾಗಿ ಅವು ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿದ್ದ ಚಿಪ್ಪಿನ ಪ್ರಾಣಿಗಳ ಶಿಲಾವಶೇಷಗಳು. ಗಂಡಕಿ ನದಿಯಿಂದ ಬಂದು ನಮ್ಮ ದೇವರ ಪೆಟ್ಟಿಗೆಯಲ್ಲಿ ಕುಳಿತಿರುವ ಸಾಲಿಗ್ರಾಮವೂ ಅದೇ ಪ್ರಾಣಿವರ್ಗದ್ದು. ಅಲ್ಲಿ ಹಾವಾಯಿತು, ಇಲ್ಲಿ ವಿಷ್ಣುಚಕ್ರವಾಯಿತು. ವಿಜ್ಞಾನಿಗಳೂ ಐತಿಹ್ಯಕ್ಕೆ ಮರ್ಯಾದೆ ಕೊಟ್ಟು, ಅವುಗಳ ಒಂದು ಜಾತಿಗೆ ಹಿಲ್ಡಾಳ ಹೆಸರನ್ನೇ ಇಟ್ಟಿದ್ದಾರೆ.

ಕೂಲಿಕಾರನ ಮಗನಾದ ಜೇಮ್ಸ್ ಕುಕ್ 1746ರಲ್ಲಿ ಈ ಊರಿನ ಒಬ್ಬ ಹಡಗಿನ ಯಜಮಾನನಲ್ಲಿ ಕೆಲಸ ಕಲಿಯಲು ಸೇರಿದನು. ಕಲ್ಲಿದ್ದಲನ್ನು ಹೇರುವ ಅಗಲ ತಳದ ವಿಟ್ಬಿ ಹಡಗುಗಳು ನೋಟಕ್ಕೆ ಸೊಗಸಲ್ಲ. ಆದರೆ ದಡಕ್ಕೆ ತಗುಲಿದರೂ ಒಡೆಯುವಂಥವಲ್ಲ. ಭೂಮಂಡಲವನ್ನು ಸುತ್ತಲು ಕುಕ್ ನೆಚ್ಚಿದ್ದು ಅವನ್ನೇ. ಡ್ರಾಕುಲ ಎಂಬ ಭಯಂಕರ ಕಾದಂಬರಿಯ ಕರ್ತೃ ಬ್ರಾಮ್ ಸ್ಟೋಕರ್ 1890ರ ಬೇಸಿಗೆಯಲ್ಲಿ ಇಲ್ಲಿ ತಂಗಿದ್ದನು. ಕಾದಂಬರಿಯ ಪಿಶಾಚಿಯ ಗೋರಿಯನ್ನು ತೋರಿಸಿರೆಂದು ಕೇಳುವವರ ಕಾಟ ತಾಳಲಾರದೆ, ಹಾಗೆ ಕೇಳಬೇಡಿರೆಂದು ಇಗರ್ಜಿಯವರು ಫಲಕವನ್ನೇ ಹಾಕಬೇಕಾಯಿತು.

ಆದರೆ ಈ ತಡಿಯ ಜನರ ಸ್ವಭಾವವನ್ನು ತಿಳಿಯಬೇಕಾದರೆ ರಕ್ಷಣಾ ದೋಣಿಗಳ ಕಥೆಯನ್ನು ಕೇಳಬೇಕು. 1881ರ ಜನವರಿಯಲ್ಲಿ, ವಿಟ್ಬಿಯಿಂದ ಆರು ಮೈಲಿ ದೂರದ ರಾಬಿನ್ ಹುಡ್ಸ್ ಬೇ ಎಂಬ ಬೆಸ್ತರ ಹಳ್ಳಿಯ ಎದುರಿಗೆ ಒಂದು ಹಡಗು ಮುಳುಗುತ್ತಿತ್ತು. ಬಿರುಗಾಳಿಯ ದೆಸೆಯಿಂದ ವಿಟ್ಬಿಯ ದೋಣಿಯನ್ನು ಕಡಲ ಮೇಲೆ ಒಯ್ಯುವುದು ಅಸಾಧ್ಯವಾಯಿತು. ಆಗ ಊರವರು ದೋಣಿಯನ್ನು ನೆಲದ ಮೇಲೆ ಎಳೆದರು. ಎದೆಯುದ್ದದ ಹಿಮ, ಹದಿನೆಂಟು ಕುದುರೆ, ಸುಮಾರು ಇನ್ನೂರು ಜನ, ಮುಂದೆ ಹಿಮವನ್ನು ತೋಡುವವರು, ಹಿಂದೆ ಹಗ್ಗ ಹಿಡಿದವರು. ಎರಡು ಗಂಟೆಯಲ್ಲಿ ಗುಡ್ಡ ದಾಟಿಸಿ ಆ ಹಳ್ಳಿಯ ಕಡಿದಾದ ಬೀದಿಯಲ್ಲಿ ಇಳಿಸಿದರು. ಮೊದಲ ಸಲ ಹುಟ್ಟುಗಳು ಮುರಿದು ಹಿಂದಿರುಗಿತು. ಎರಡನೆಯ ಸಲ ಹೋಗಿ ಆರು ಮಂದಿ ನಾವಿಕರನ್ನೂ ಕರೆತಂದಿತು.

1914ರ ಅಕ್ಟೋಬರ್ 30ರ ಬೆಳಗಿನ ಜಾವದಲ್ಲಿ ವಿಟ್ಬಿಯ ಬಂಡೆಗಳಿಗೆ ಬಡಿದ ಆಸ್ಪತ್ರೆಯ ಹಡಗಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಅದು ಬ್ರಿಟಿಷ್ ಇಂಡಿಯಾ ಹಡಗಿನ ಕಂಪೆನಿಯದು, ಹೆಸರು ರೋಹಿಲ್ಲಾ. ಯುದ್ಧಕಾಲವಾದ್ದರಿಂದ ತಡಿಯ ದೀಪಗಳನ್ನು ಆರಿಸಿದ್ದರು. ಹಡಗಿನಲ್ಲಿದ್ದ 229 ಜನರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ, ದಡದಲ್ಲಿ ಊರೆಲ್ಲ ನಿಂತು ನೋಡುತ್ತಿದ್ದಂತೆಯೇ, ನೀರುಪಾಲಾದರು. ಹುಟ್ಟಿನ ದೋಣಿಯೊಂದು ಎರಡು ಸಲ ಹೋಗಿ 35 ಮಂದಿಯನ್ನು ತಂದು, ತಾನು ಬಂಡೆಗೆ ಬಡಿದು ಒಡೆಯಿತು. ಮೂರನೆಯ ದಿನ ಟೈನ್‌ಮತ್ತಿನಿಂದ ಮೋಟಾರು ದೋಣಿ ಬಂದು ಉಳಿದಿದ್ದ 50 ಮಂದಿಯನ್ನು ಇಳಿಸಿಕೊಂಡಿತು. ಮೋಟಾರು ದೋಣಿಯ ಪ್ರಯೋಜನ ಎಲ್ಲರಿಗೂ ಮನದಟ್ಟಾದದ್ದು ಅಂದು. ಈ ದೋಣಿಗಳಲ್ಲಿ ಹೋಗುವವರು ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕರೇ.

ಈ ಕಡಲು ಹಡಗುಗಳನ್ನು ಮಾತ್ರ ನುಂಗುವುದಲ್ಲ. ವಿಟ್ಬಿಯ ದಕ್ಷಿಣಕ್ಕೆ ಹೋಲ್ಡರ್ನೆಸ್ ಎಂಬ ಸೀಮೆಯಿದೆ. ಅಲ್ಲಿಯದು ಬಂಡೆಯಲ್ಲ, ಹಿಮಗಡ್ಡೆಗಳು ತಂದು ಸುರಿದ ಜೇಡಿಮಣ್ಣು. ವರ್ಷಕ್ಕೆ ಸರಾಸರಿ ಆರಡಿಯಷ್ಟು ನೆಲ ಕುಸಿದು ಹೋಗುತ್ತದೆ. ರೋಮನರ ಕಾಲದಿಂದೀಚೆಗೆ ಸುಮಾರು ಮೂವತ್ತು ಹಳ್ಳಿಗಳು ಹೀಗೆ ಮಾಯವಾಗಿವೆ. ಹಂಬರ್ ನದಿಯ ಮುಖದಲ್ಲಿದ್ದ ರಾವೆನ್ಸರ್ ಆಡ್ ಎಂಬ ಪಟ್ಟಣ 1299ರಲ್ಲಿ ರಾಜನ ಸನ್ನದು ಪಡೆದು, ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಕಳುಹಿಸಿ, 1362ರ ಸುಮಾರಿಗೆ ಗುರುತಿಲ್ಲದಂತೆ ಮುಳುಗಿತು. ತಡೆಯಬಾರದೇ ಎಂದರೆ, 1991ರಲ್ಲಿ ಮ್ಯಾಪಲ್‌ಟನ್ ಎಂಬ ಹಳ್ಳಿಯನ್ನು ಉಳಿಸಲು ಕಡಲೊಳಕ್ಕೆ ಕಲ್ಲಿನ ಅಡ್ಡಗಟ್ಟೆಗಳನ್ನು ಹಾಕಿದರು. ಹಳ್ಳಿ ಉಳಿಯಿತು. ಆದರೆ ದಕ್ಷಿಣಕ್ಕೆ ಸಾಗಬೇಕಾದ ಮರಳು ಅಲ್ಲಿಯೇ ನಿಂತುದರಿಂದ, ಪಕ್ಕದ ಹೊಲಮನೆಗಳು ಮೊದಲಿಗಿಂತ ಬೇಗ ಕಡಲಿಗೆ ಬಿದ್ದವು. ಒಬ್ಬರ ಗೋಡೆ ಇನ್ನೊಬ್ಬರ ನಷ್ಟ. ಯಾರನ್ನು ಕಾಯಬೇಕು, ಯಾರನ್ನು ಬಿಡಬೇಕೆಂಬುದನ್ನು ಸರಕಾರದವರು ನಕ್ಷೆಯ ಮುಂದೆ ಕುಳಿತು ನಿಷ್ಕರ್ಷಿಸುತ್ತಾರೆ. ವಿಟ್ಬಿಯ ಗಟ್ಟಿ ಗುಡ್ಡವೂ ಪೂರಾ ಗಟ್ಟಿಯಲ್ಲ. 2012ರ ಮಳೆಗಾಲದ ಬಳಿಕ ಸಂತ ಮೇರಿಯ ಸ್ಮಶಾನದ ಅಂಚು ಜಾರಿ, ಹೂಳಿದ್ದ ಎಲುಬುಗಳು ಕೆಳಗೆ ಕಾಣಿಸಿಕೊಂಡವು.

ಈಚೆಗೆ ಬಂದ ಕಷ್ಟ ಇನ್ನೊಂದು ಬಗೆಯದು. ಮೀನು, ಹಡಗು, ತಿಮಿಂಗಿಲ ಇವುಗಳ ಉದ್ಯಮ ಕ್ಷೀಣಿಸಿದ ಮೇಲೆ ಊರು ಬದುಕುತ್ತಿರುವುದು ನೋಡಬಂದವರಿಂದ. ಬಂದವರಿಗೆ ಊರು ಮೆಚ್ಚಿಕೆಯಾಗುತ್ತದೆ. ಹಣವಿದ್ದವರು ಮನೆ ಕೊಳ್ಳುತ್ತಾರೆ. ವರ್ಷದಲ್ಲಿ ಕೆಲವು ವಾರ ಬಂದಿರುತ್ತಾರೆ, ಇಲ್ಲವೆ ಬಾಡಿಗೆಗೆ ಕೊಡುತ್ತಾರೆ. ಬೆಲೆ ಏರಿ, ಆ ಊರಿನಲ್ಲೇ ಹುಟ್ಟಿದ ಬೆಸ್ತರ ಮಕ್ಕಳಿಗೆ, ಹೋಟೆಲಿನಲ್ಲಿ ದುಡಿಯುವ ಹುಡುಗಿಯರಿಗೆ, ದೋಣಿಗೆ ಓಡಿಬರಬೇಕಾದ ತರುಣರಿಗೆ ಮನೆ ಎಟುಕದು. 2022ರ ಜೂನಿನಲ್ಲಿ ಊರವರು ಮತ ಹಾಕಿದರು: ಹೊಸದಾಗಿ ಕಟ್ಟುವ ಮನೆಗಳನ್ನು ಅಲ್ಲಿಯೇ ವಾಸಮಾಡುವವರಿಗೆ ಮಾತ್ರ ಮಾರತಕ್ಕದ್ದೆಂದು 2,111 ಮಂದಿ, ಕೂಡದೆಂದು 157 ಮಂದಿ. ಆ ಮತಕ್ಕೆ ಕಾನೂನಿನ ಬಲವಿರಲಿಲ್ಲ. 2025ರ ಏಪ್ರಿಲಿನಿಂದ ಉತ್ತರ ಯಾರ್ಕ್‌ಷೈರಿನ ಕೌನ್ಸಿಲಿನವರು ಇಂಥ ಎರಡನೆಯ ಮನೆಗಳ ಮೇಲೆ ತೆರಿಗೆಯನ್ನು ಇಮ್ಮಡಿಮಾಡಿದ್ದಾರೆ. ಅದರಿಂದ ಏನಾಗುವುದೆಂಬುದನ್ನು ಬೇಸಿಗೆಯಲ್ಲಿ ಹೋಗಿ ನೋಡಿದರೆ ತಿಳಿಯದು. ಜನವರಿಯ ಒಂದು ರಾತ್ರಿ ಬಂದರದ ಸೇತುವೆಯ ಮೇಲೆ ನಿಂತು, ಗುಡ್ಡದ ಕಿಟಕಿಗಳಲ್ಲಿ ಎಷ್ಟರಲ್ಲಿ ದೀಪವಿದೆಯೆಂದು ಎಣಿಸಬೇಕು.