ಕಣ್ಣು ತೆರೆದ ಮೇಲೆ



ತಲೆಗೆ ಬಲವಾದ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರು ಮತ್ತೆ ಹೇಗೆ ಎಚ್ಚರಗೊಳ್ಳುತ್ತಾರೆ? ಸಿನಿಮಾ ನೋಡುವವರಿಗೆಲ್ಲ ಇದರ ಉತ್ತರ ಗೊತ್ತು. ನಾಯಕ ತಿಂಗಳುಗಟ್ಟಲೆ ಅಲುಗಾಡದೆ ಮಲಗಿರುತ್ತಾನೆ. ತಾಯಿ ಬಂದು ಹಣೆಗೆ ಕುಂಕುಮ ಇಡುತ್ತಾಳೆ. ಬೆರಳು ಅಲುಗುತ್ತದೆ, ಕಣ್ಣು ತೆರೆಯುತ್ತದೆ, 'ಅಮ್ಮಾ' ಎಂಬ ಮಾತು ಹೊರಡುತ್ತದೆ. ಅಲ್ಲಿಗೆ ಕಷ್ಟ ತೀರಿತು. ಅಮೆರಿಕದ ನರರೋಗ ತಜ್ಞ ಡಾ. ಈಲ್ಕೊ ವೈಡಿಕ್ಸ್ ಅವರು ಕೋಮಾ ಸ್ಥಿತಿಯನ್ನು ತೋರಿಸುವ 30 ಚಲನಚಿತ್ರಗಳನ್ನು ಪರಿಶೀಲಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ವಾಸ್ತವಕ್ಕೆ ಹತ್ತಿರವಾಗಿದ್ದವು ಎರಡೇ ಎರಡು.

ಈ ತಪ್ಪು ಕಲ್ಪನೆಯಿಂದ ಪ್ರೇಕ್ಷಕರಿಗೆ ನಷ್ಟವೇನೂ ಇಲ್ಲ ಎನ್ನಬಹುದು. ಆದರೆ ಅದೇ ಪ್ರೇಕ್ಷಕರು ಒಂದು ದಿನ ಆಸ್ಪತ್ರೆಯ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕುಳಿತಾಗ ನಷ್ಟ ಆರಂಭವಾಗುತ್ತದೆ. ನಾನು ವಿಜ್ಞಾನದ ಪದವಿ ಪಡೆದು ದೂರದರ್ಶನದ ಕೆಲಸಕ್ಕೆ ಬಂದವನು. ಮಿದುಳಿನ ರಚನೆಯನ್ನು ಪುಸ್ತಕದಲ್ಲಿ ಓದಿದ್ದೆ. ಮಿದುಳು ಚೇತರಿಸಿಕೊಳ್ಳುವುದನ್ನು ಕಣ್ಣಾರೆ ಕಂಡದ್ದು 2019ರಲ್ಲಿ, ನನ್ನ ಭಾವನವರಿಂದ.

ನಮ್ಮ ಅಕ್ಕ, ಭಾವ ಇರುವುದು ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿಯಲ್ಲಿ. ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಅಲ್ಲಿಂದ ಮುಂದೆ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಐದಾರು ಎಕರೆ ಕಾಫಿ, ನೆರಳಿಗೆ ಸಿಲ್ವರ್ ಓಕ್, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಆ ಸೀಮೆಯಲ್ಲಿ ತಲೆಪೆಟ್ಟು ಎಂದರೆ ರಸ್ತೆ ಅಪಘಾತ ಮಾತ್ರವಲ್ಲ. ಮರಗಸಿ ಮಾಡುವಾಗ ಕೊಂಬೆಯಿಂದ ಜಾರುವವರಿದ್ದಾರೆ. ಮೆಣಸು ಕುಯ್ಯುವಾಗ ಏಣಿಯಿಂದ ಬೀಳುವವರಿದ್ದಾರೆ. ಫೆಬ್ರವರಿ ಕೊನೆಯ ವಾರ ಭಾವ ಬಿದಿರೇಣಿಯಿಂದ ಸುಮಾರು 20 ಅಡಿ ಕೆಳಗೆ ಬಿದ್ದರು. ತಲೆ ಕಲ್ಲಿಗೆ ತಗುಲಿತು. ಆಳುಗಳು ಅವರ ಬಾಯಿಗೆ ನೀರು ಹಾಕಲಿಲ್ಲ, ಎತ್ತಿ ಕೂರಿಸಲಿಲ್ಲ. ಕುತ್ತಿಗೆ ಹೊರಳದಂತೆ ಹಿಡಿದು ಹಲಗೆಯ ಮೇಲೆ ಮಲಗಿಸಿ ಜೀಪಿಗೆ ಹಾಕಿದರು. ಸಕಲೇಶಪುರ, ಅಲ್ಲಿಂದ ಹಾಸನದಲ್ಲಿ ಸಿ.ಟಿ. ಸ್ಕ್ಯಾನ್, ರಾತ್ರಿಯ ಹೊತ್ತಿಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ.

ಅಲ್ಲಿ ವೈದ್ಯರು ಹೇಳಿದ ಮೊದಲ ಮಾತು, 'ಜಿ.ಸಿ.ಎಸ್. ಆರು.' ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಈ ಅಳತೆಗೋಲನ್ನು ಸ್ಕಾಟ್ಲೆಂಡಿನ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ನರಶಸ್ತ್ರಚಿಕಿತ್ಸಕರು 1974ರಲ್ಲಿ ರೂಪಿಸಿದರು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಒಟ್ಟು 15. ಏನೂ ಸ್ಪಂದಿಸದವರಿಗೂ 3 ಅಂಕ ಇದ್ದೇ ಇರುತ್ತದೆ. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಗಾಯ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹದಿನೈದರಲ್ಲಿ ಕಣ್ಣಿನ ಪಾಲು ನಾಲ್ಕೇ. ಮನೆಯವರು ಕಾಯುವುದು ಮಾತ್ರ ಆ ನಾಲ್ಕಕ್ಕಾಗಿಯೇ.

ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ಅದು ಮುಚ್ಚಿದ ಮೂಳೆಯ ಪೆಟ್ಟಿಗೆಯೊಳಗೆ ಇದೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ಮಿದುಳು ಊದಿದರೆ ಹಿಗ್ಗಲು ಜಾಗವಿಲ್ಲ. ಒತ್ತಡ ಏರಿ ರಕ್ತ ಸಂಚಾರವೇ ನಿಲ್ಲುತ್ತದೆ. ಆದ್ದರಿಂದ ಆ ರಾತ್ರಿ ವೈದ್ಯರು ತಲೆಬುರುಡೆಯ ಒಂದು ಹಲ್ಲೆಯನ್ನು ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಹೊರಹಾಕಿದರು. ತೆಗೆದ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೆ ಹೊಲಿದು ಇಟ್ಟರು. ಅಲ್ಲಿ ಅದು ಕೆಡದೆ ಇರುತ್ತದೆ, ಊತ ಇಳಿದ ಮೇಲೆ ತಿರುಗಿ ಜೋಡಿಸಬಹುದು. ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಈ ಕ್ರಮ ಇದೆ.

ಹನ್ನೊಂದನೆಯ ದಿನ ಭಾವ ಕಣ್ಣು ಬಿಟ್ಟರು. ಊರಿಗೆ ಫೋನು ಹೋಯಿತು. 'ಎಚ್ಚರ ಆಯ್ತಂತೆ' ಎಂದು ಮಾರನಹಳ್ಳಿಯಲ್ಲಿ ಹಣ್ಣುಕಾಯಿ ಮಾಡಿಸಿದರು. ಅಕ್ಕ ಒಳಗೆ ಹೋಗಿ, 'ರೀ, ನಾನು ಬಂದಿದೀನಿ' ಎಂದಳು. ಕಣ್ಣು ಛಾವಣಿಯಲ್ಲೇ ನೆಟ್ಟಿತ್ತು. ಆಕೆ ಎಡಕ್ಕೆ ಬಂದರೂ ಬಲಕ್ಕೆ ಬಂದರೂ ಅದು ಹಿಂಬಾಲಿಸಲಿಲ್ಲ.

ಇದು ಏಕೆ ಹೀಗೆ? ನಿದ್ರೆ, ಎಚ್ಚರಗಳ ಗಡಿಯಾರ ಇರುವುದು ಮಿದುಳಿನ ಬುಡದ ಭಾಗಗಳಲ್ಲಿ. ಎದುರಿಗಿರುವುದು ಯಾರು, ತಾನು ಯಾರು ಎಂಬ ಅರಿವಿಗೆ ಮೇಲಿನ ವಿಶಾಲ ಪದರಗಳು ಒಟ್ಟಾಗಿ ಕೆಲಸ ಮಾಡಬೇಕು. ಬುಡ ಬೇಗ ಚೇತರಿಸಿಕೊಂಡು, ಮೇಲಿನದು ಹಿಂದೆ ಉಳಿಯಬಹುದು. ಕಣ್ಣು ತೆರೆದಿದ್ದು ಅರಿವಿಲ್ಲದ ಈ ಸ್ಥಿತಿಗೆ ಪ್ರತ್ಯೇಕ ಹೆಸರು ಕೊಟ್ಟವರೂ ಅದೇ ಜೆನೆಟ್. 1972ರಲ್ಲಿ ಫ್ರೆಡ್ ಪ್ಲಮ್ ಅವರ ಜೊತೆ ಸೇರಿ.

ಈ ಸ್ಥಿತಿಯ ಹೆಸರು ಬಂದಾಗ ಅರುಣಾ ಶಾನಭಾಗ್ ಅವರನ್ನು ನೆನೆಯದೆ ಇರಲಾಗದು. ಉತ್ತರ ಕನ್ನಡದ ಹಳದೀಪುರದವರು, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್‌ನಲ್ಲಿ ನಡೆದ ಕ್ರೂರ ಹಲ್ಲೆಯಲ್ಲಿ ಕುತ್ತಿಗೆ ಬಿಗಿದು ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ಅವರು ಚೇತರಿಸಿಕೊಳ್ಳಲಿಲ್ಲ. ಆದರೆ ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ, 2015ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಉಣಿಸಿ, ತೊಳೆದು, ಹೊರಳಿಸಿ ನೋಡಿಕೊಂಡರು. 2011ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಮಿದುಳು ಸತ್ತಿಲ್ಲ ಎಂದು ಹೇಳಿ, ದಾದಿಯರ ಸೇವೆಯನ್ನು ಕೊಂಡಾಡಿತು.

ಹಾಗಾದರೆ ಕಣ್ಣು ತೆರೆದು ನೋಡದೆ ಇರುವವರೆಲ್ಲ ಹಾಗೆಯೇ ಉಳಿಯುತ್ತಾರೆಯೆ? ಇಲ್ಲ. ಆಮ್ಲಜನಕ ನಿಂತು ಆಗುವ ಹಾನಿಗಿಂತ ಪೆಟ್ಟಿನಿಂದ ಆದ ಹಾನಿಯಲ್ಲಿ ಭರವಸೆ ಹೆಚ್ಚು. ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೆಟ್ಟು ಬಿದ್ದ ಎರಡು ವಾರಕ್ಕೆ ಈ ಸ್ಥಿತಿಯಲ್ಲಿದ್ದು ಬದುಕುಳಿದವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ವರ್ಷದೊಳಗೆ ಅರಿವು ಪಡೆದಿದ್ದರು. ಎಲ್ಲರೂ ಮೊದಲಿನಂತಾದರು ಎಂದಲ್ಲ. ಎರಡು ವಾರದಲ್ಲಿ ತೀರ್ಮಾನ ಹೇಳಬಾರದು ಎಂದಷ್ಟೇ ಇದರ ಅರ್ಥ.

ಹದಿನೇಳನೆಯ ದಿನ ಭಾವನವರ ಕಣ್ಣು ಅಕ್ಕನ ಸೀರೆಯ ಅಂಚನ್ನು ಹಿಂಬಾಲಿಸಿತು. ಇಪ್ಪತ್ತನೆಯ ದಿನ, 'ಎರಡು ಬೆರಳು ತೋರಿಸಿ' ಎಂದಾಗ ಬಲಗೈ ನಿಧಾನವಾಗಿ ಎರಡು ಬೆರಳು ಎತ್ತಿತು. ವೈದ್ಯರ ಮುಖದಲ್ಲಿ ನಗು ಕಂಡದ್ದು ಆ ದಿನ. ಹೇಳಿದ ಮಾತು ಕಿವಿಗೆ ಬಿದ್ದು, ಅರ್ಥವಾಗಿ, ಕೈಗೆ ತಲುಪಿತ್ತು.

ವೀಕ್ಷಕರೇ, ಇದರ ಮುಂದಿನ ಘಟ್ಟವನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ನಾಲ್ಕನೆಯ ವಾರ, ಗಂಟಲ ನಳಿಕೆ ಬದಲಿಸಿ ಮಾತು ಹೊರಟಾಗ, ಬಂದದ್ದು ಬೈಗುಳ. ಮೂಗಿನ ನಳಿಕೆ ಕಿತ್ತೆಸೆದರು. ಅಕ್ಕನ ಕೆನ್ನೆಗೆ ಹೊಡೆದರು. ವಾರ್ಡನ್ನು ಕಾಫಿ ಕಣ ಎಂದು ತಿಳಿದು, ಮೋಡ ಆಗಿದೆ, ಟಾರ್ಪಾಲು ಹೊದಿಸಿ ಎಂದು ರಾತ್ರಿಯಿಡೀ ಕೂಗಿದರು. ಅಕ್ಕ ಹೊರಗೆ ಬಂದು ಕುಳಿತು, 'ಇಪ್ಪತ್ತಾರು ವರ್ಷದಲ್ಲಿ ಒಂದು ಕೆಟ್ಟ ಮಾತು ಆಡಿದೋರಲ್ಲ ಕಣೋ' ಎಂದಳು. ಊರಿಂದ ಬಂದ ದೊಡ್ಡಮ್ಮ, ಮರದ ಬುಡದಲ್ಲಿ ಏನೋ ಸೋಕಿದೆ, ಊರಿಗೆ ಕರೆದುಕೊಂಡು ಹೋಗಿ ಬಿಡಿಸೋಣ ಎಂದರು. ಖರ್ಚಿನಿಂದ ಕಂಗೆಟ್ಟಿದ್ದ ಮನೆಯವರಿಗೂ ಅದೇ ಸರಿ ಎನ್ನಿಸತೊಡಗಿತು. ಬಿಡುಗಡೆ ಕೇಳಲು ಮರುದಿನ ಬೆಳಿಗ್ಗೆ ಎಂದು ನಿಶ್ಚಯವೂ ಆಯಿತು.

ಆ ರಾತ್ರಿ ಪಾಳಿಯ ಹಿರಿಯ ದಾದಿ ಅಕ್ಕನಿಗೆ ಹೇಳಿದ ಮಾತು ಇದು: 'ಇದು ನಿಮ್ಮ ಯಜಮಾನರ ಮಾತಲ್ಲಮ್ಮ, ಗಾಯಗೊಂಡ ಮಿದುಳಿನ ಮಾತು. ಹೋದ ವಾರ ಬೈಯೋ ಶಕ್ತಿನೂ ಇರಲಿಲ್ಲ ಅಲ್ವಾ? ಮೇಲಕ್ಕೆ ಬರ್ತಿದಾರೆ ಅಂತ ತಿಳ್ಕೊಳ್ಳಿ.'

ಆಕೆಯ ಮಾತು ನೂರಕ್ಕೆ ನೂರು ನಿಜ. ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯವರು 1970ರ ದಶಕದಲ್ಲಿ ಮಿದುಳಿನ ಚೇತರಿಕೆಯನ್ನು ಎಂಟು ಮೆಟ್ಟಿಲುಗಳಾಗಿ ಗುರುತಿಸಿದರು. ಅದರಲ್ಲಿ ನಾಲ್ಕನೆಯ ಮೆಟ್ಟಿಲೇ ಗೊಂದಲ ಮತ್ತು ಉದ್ರೇಕ. ಅರಿವು ಅರ್ಧ ಮರಳಿದೆ, ಅದಕ್ಕೆ ಲಗಾಮು ಹಾಕುವ ಮುಂಭಾಗದ ಮಿದುಳು ಇನ್ನೂ ಮರಳಿಲ್ಲ. ಎಲ್ಲರೂ ಈ ಮೆಟ್ಟಿಲಿನಲ್ಲಿ ನಿಲ್ಲುವುದಿಲ್ಲ. ನಿಂತವರ ಮನೆಯವರು ಇದನ್ನು ಹುಚ್ಚು ಎಂದೋ, ಗಾಳಿ ಎಂದೋ, ಒಳಗೆ ಅಡಗಿಸಿಟ್ಟಿದ್ದ ದ್ವೇಷ ಎಂದೋ ತಿಳಿಯುತ್ತಾರೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಅಪಾಯ ಇಲ್ಲಿ ಹೆಚ್ಚು. ನಾವು ಬಿಡುಗಡೆ ಕೇಳಲಿಲ್ಲ. ಹತ್ತು ದಿನಗಳಲ್ಲಿ ಕೂಗಾಟ ತಾನಾಗಿ ಇಳಿಯಿತು.

ಇಳಿದ ಮೇಲೆ ಮರೆವು ಬಂತು. 'ಮೆಣಸು ಕುಯ್ದಾಯ್ತಾ?' ಎಂದು ಕೇಳುವರು. ಆಯಿತು ಎಂದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಹೊಸ ನೆನಪು ನಿಲ್ಲದ ಈ ಅವಧಿ ಎಷ್ಟು ಉದ್ದ ಎಂಬುದರಿಂದ ಗಾಯ ಎಷ್ಟು ಆಳ ಎಂದು ಅಳೆಯಬಹುದೆಂದು ರಿಚಿ ರಸೆಲ್ ಎಂಬ ಬ್ರಿಟಿಷ್ ವೈದ್ಯರು 1932ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಅಕ್ಕ ಒಂದು ಹಲಗೆ ತರಿಸಿ ಮಂಚದ ಎದುರು ನಿಲ್ಲಿಸಿದಳು. ಪ್ರತಿದಿನ ಬೆಳಿಗ್ಗೆ ಅದರ ಮೇಲೆ ವಾರ, ತಾರೀಖು, ಇದು ಬೆಂಗಳೂರಿನ ಆಸ್ಪತ್ರೆ, ಮೆಣಸು ಕುಯ್ದು ಆಗಿದೆ ಎಂದು ಬರೆಯುವಳು. ಪ್ರಶ್ನೆ ಬಂದಾಗ ಉತ್ತರ ಹೇಳದೆ ಹಲಗೆ ತೋರಿಸುವಳು. ಒಂದು ದಿನ ಭಾವ ಪ್ರಶ್ನೆ ಕೇಳುವ ಮುಂಚೆಯೇ ಹಲಗೆಯ ಕಡೆ ನೋಡಿದರು. ಐವತ್ತೆರಡನೆಯ ದಿನ ಆಸ್ಪತ್ರೆಯಿಂದ ಬಿಡುಗಡೆಯಾಯಿತು. ನಾಲ್ಕು ತಿಂಗಳಿಗೆ ಹೊಟ್ಟೆಯಲ್ಲಿಟ್ಟ ಮೂಳೆ ತಲೆಗೆ ಮರಳಿತು.

ಮನೆಗೆ ಬಂದರೆ ಮುಗಿಯಿತೆ? ಇಲ್ಲ. ನಡೆಯುವುದು, ಉಣ್ಣುವುದು ಬಂತು. ಎಡಗೈ ದುರ್ಬಲ. ಸಂಜೆಯ ಹೊತ್ತಿಗೆ ವಿಪರೀತ ಆಯಾಸ. ಮುಂದಿನ ಮಾರ್ಚಿಯಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ, ಭಾವ ಒಂದು ಗೊಂಚಲನ್ನು ಮೂಗಿಗೆ ಹಿಡಿದು, 'ಈ ಸಲ ಹೂವಿಗೆ ವಾಸನೆ ಇಲ್ವಲ್ಲ' ಎಂದರು. ವಾಸನೆಯ ನರಗಳು ಮೂಳೆಯ ಸಣ್ಣ ರಂಧ್ರಗಳ ಮೂಲಕ ಮೇಲೆ ಹೋಗುತ್ತವೆ. ತಲೆ ಬಡಿದಾಗ ಅವು ಹರಿದುಹೋಗುವುದುಂಟು. ಹೂವಿನ ತಪ್ಪಲ್ಲ ಎಂದು ಅಕ್ಕ ಅವರಿಗೆ ತಿಳಿಸಿ ಹೇಳಿದಳು.

ಅದಕ್ಕಿಂತ ಕಷ್ಟವಾದದ್ದು ವಾರದ ಬಟವಾಡೆ. ಯಾರಿಗೆ ಎಷ್ಟು ದಿನ, ಎಷ್ಟು ಮುಂಗಡ ಎಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದವರು ಈಗ ಮೂರನೆಯ ಹೆಸರಿಗೆ ತಡವರಿಸಿ, ಪುಸ್ತಕ ಎಸೆದು ಎದ್ದುಹೋಗುತ್ತಿದ್ದರು. ತೋಟವನ್ನು ಗುತ್ತಿಗೆಗೆ ಕೊಡುವ ಮಾತೂ ಬಂತು. ಅಕ್ಕ ಒಪ್ಪಲಿಲ್ಲ. ಒಂದು ಹಾಳೆಗೆ ಒಂದೇ ಹೆಸರು ಬರೆದು ಕೊಟ್ಟಳು. ಒಂದು ಹಾಳೆ ಮುಗಿದ ಮೇಲೆ ಇನ್ನೊಂದು. ಎರಡು ವರ್ಷದ ಮೇಲೆ ಬಟವಾಡೆ ಮತ್ತೆ ಭಾವನವರ ಕೈಗೆ ಬಂತು. ಅರ್ಧ ಗಂಟೆಯ ಕೆಲಸಕ್ಕೆ ಈಗ ಎರಡು ಗಂಟೆ ಹಿಡಿಯುತ್ತದೆ. ಆಳುಗಳು ಕಾಯುತ್ತಾರೆ.

'ಮೊದಲಿನ ಹಾಗೇ ಆಗಿದಾರಾ?' ಎಂದು ಬಂದವರೆಲ್ಲ ಕೇಳುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಫಿನಿಯಾಸ್ ಗೇಜ್ ಎಂಬ ಹೆಸರು ಪರಿಚಿತ. 1848ರಲ್ಲಿ ಅಮೆರಿಕದ ರೈಲು ಮಾರ್ಗದ ಕಾಮಗಾರಿಯಲ್ಲಿ ಕಬ್ಬಿಣದ ಸಲಾಕೆಯೊಂದು ಆತನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಆತ ಬದುಕಿದ; ಸ್ವಭಾವ ಕೆಟ್ಟಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತವೆ. ಆದರೆ ಆತ ಮುಂದೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಪ್ರಯಾಣಿಕರ ಕುದುರೆ ಸಾರೋಟು ಓಡಿಸಿದ. ಆರು ಕುದುರೆಗಳ ಲಗಾಮು, ಪರದೇಶದ ಭಾಷೆ, ಹೊತ್ತಿಗೆ ಸರಿಯಾಗಿ ಹೊರಡುವ ಶಿಸ್ತು: ಇವೆಲ್ಲ ಕೆಟ್ಟ ಮಿದುಳಿನಿಂದ ಆಗುವ ಕೆಲಸವಲ್ಲ. ನಿತ್ಯವೂ ಒಂದೇ ಕ್ರಮದ ಕೆಲಸ ಅವನನ್ನು ತಿದ್ದಿರಬೇಕೆಂದು ಸಂಶೋಧಕರು ಊಹಿಸುತ್ತಾರೆ.

ಇಂಥ ಕಷ್ಟದಲ್ಲಿರುವ ಮನೆಯವರಿಗೆ ಕೆಲವು ಮಾತು. ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸುವುದನ್ನು ದಾದಿಯರಿಂದ ಕಲಿಯಿರಿ. ಬೆನ್ನಿನ ಹುಣ್ಣು ಚೇತರಿಕೆಯನ್ನು ಹಿಂದಕ್ಕೆ ಎಳೆಯುತ್ತದೆ. ಕೈಕಾಲುಗಳ ಕೀಲು ಬಿಗಿಯದಂತೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಚಲನೆಗಳನ್ನು ದಿನವೂ ಮಾಡಿಸಿ. ಮಾತನಾಡುವಾಗ ಒಬ್ಬರೇ ಮಾತನಾಡಿ, ನಿಮ್ಮ ಹೆಸರು ಹೇಳಿ, ಚಿಕ್ಕ ವಾಕ್ಯ ಆಡಿ, ಉತ್ತರಕ್ಕೆ ಕಾಯಿರಿ. 'ನಾನು ಯಾರು ಹೇಳಿ ನೋಡೋಣ' ಎಂಬ ಪರೀಕ್ಷೆ ಬೇಡ. ಫಿಟ್ಸ್ ಬರದಂತೆ ಕೊಟ್ಟ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಶುಶ್ರೂಷೆ ಮಾಡುವವರಿಗೆ ವಾರಕ್ಕೆ ಒಂದು ರಾತ್ರಿಯಾದರೂ ಪೂರ್ಣ ನಿದ್ರೆ ಸಿಗುವಂತೆ ಸರದಿ ಮಾಡಿಕೊಳ್ಳಿ. ಇನ್ನೊಂದು ಮಾತು, ನಾನು ಹೇಳಿದರೆ ನಿಮಗೆ ನಗು ಬಂದೀತು. ರೋಗಿಯ ಕೋಣೆಯಲ್ಲಿ ಟೆಲಿವಿಷನ್ ಆರಿಸಿ. ದಣಿದ ಮಿದುಳಿಗೆ ಆ ಬೆಳಕು, ಆ ಸದ್ದು ದೊಡ್ಡ ಹೊರೆ.

ನೋಡಲು ಹೋಗುವ ನೆಂಟರಿಷ್ಟರಿಗೂ ಒಂದು ವಿನಂತಿ. 'ಮೊದಲಿನ ಹಾಗೆ ಆದರಾ' ಎಂದು ಕೇಳಬೇಡಿ. 'ಹೋದ ತಿಂಗಳಿಗಿಂತ ಈಗ ಏನು ಹೊಸದು ಬಂದಿದೆ' ಎಂದು ಕೇಳಿ. ಆ ಪ್ರಶ್ನೆಗೆ ಮನೆಯವರ ಬಳಿ ಬಹುಮಟ್ಟಿಗೆ ಒಂದು ಉತ್ತರ ಇದ್ದೇ ಇರುತ್ತದೆ.