ಗೆದ್ದ ಹಣದ ಲೆಕ್ಕ

(ಜುಮಾ ಭಾಷಣದ ಸಾರಾಂಶ)

 

ಸಹೋದರರೇ, ಕಳೆದ ತಿಂಗಳು ಇಶಾ ನಮಾಝಿನ ನಂತರ ಒಬ್ಬ ಯುವಕ ನನ್ನ ಕೋಣೆಗೆ ಬಂದ. ನಮ್ಮ ಜಮಾಅತಿನವನಲ್ಲ. ಯಾರೆಂದು ಊಹಿಸಲು ಹೋಗಬೇಡಿ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಕೈಯಲ್ಲಿ 25 ಸಾವಿರ ರೂಪಾಯಿಯ ಲಕೋಟೆ ಇತ್ತು. "ಹಜ್ರತ್, ವುಝೂಖಾನೆಯ ರಿಪೇರಿಗೆ ತಗೊಳ್ಳಿ" ಎಂದ. ಎಲ್ಲಿಯ ಹಣ ಬೇಟಾ ಎಂದು ಕೇಳಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಚೀಲದಿಂದ ಉದ್ದನೆಯ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟ.

ಅದು ಪೋಕರ್ ಆಟದ ಲೆಕ್ಕ. ಮೊದಲು ಮೊಬೈಲ್‌ನಲ್ಲಿ ಆಡುತ್ತಿದ್ದನಂತೆ. ಆಮೇಲೆ ಗೋವಾಕ್ಕೆ, ಮಾಂಡೋವಿ ನದಿಯ ಹಡಗುಗಳಿಗೆ ಹೋಗತೊಡಗಿದ. ಪ್ರತಿ ರಾತ್ರಿಗೂ ಒಂದು ಸಾಲು: ತಾರೀಖು, ಕೂತ ಸಮಯ, ಎದ್ದ ಸಮಯ, ಎಷ್ಟು ಹಣದ ಚಿಪ್ಸ್ ಕೊಂಡ, ಏಳುವಾಗ ಎಷ್ಟು ಮರಳಿ ಪಡೆದ. 58 ರಾತ್ರಿ, 400 ಗಂಟೆ, ಲಾಭ 1,80,000. ಗಂಟೆಗೆ 450 ರೂಪಾಯಿ ಎಂದು ಕೆಳಗೆ ಗೆರೆ ಎಳೆದು ಬರೆದಿದ್ದ. ಸೋತ ರಾತ್ರಿಗಳನ್ನೂ ಬಿಟ್ಟಿರಲಿಲ್ಲ.

ನಿಜ ಹೇಳುತ್ತೇನೆ, ಆ ಅಚ್ಚುಕಟ್ಟುತನ ನೋಡಿ ನನಗೆ ನಮ್ಮ ಮೇಲೇ ನಾಚಿಕೆಯಾಯಿತು. ಕುರ್‌ಆನಿನ ಅತಿ ಉದ್ದದ ಆಯತ್, ಅಲ್‌ಬಕರಾದ 282ನೆಯದು, ಸಾಲವನ್ನು ಬರೆದಿಡುವುದರ ಬಗ್ಗೆಯೇ ಇದೆ. ನಮ್ಮಲ್ಲಿ ಎಷ್ಟು ಅಂಗಡಿಗಳಲ್ಲಿ ಅಷ್ಟು ಲೆಕ್ಕವಿದೆ? ರಮಝಾನ್ ಬಂದಾಗ "ಅಂದಾಜಿಗೆ ಇಷ್ಟು ಝಕಾತ್" ಎನ್ನುವವರೇ ಹೆಚ್ಚು. ಇರಲಿ, ಅದು ಬೇರೆ ಜುಮಾದ ಮಾತು.

ಅವನು ತನ್ನ ಶಿಸ್ತನ್ನು ವಿವರಿಸಿದ. ಆಟಕ್ಕೆಂದೇ 3 ಲಕ್ಷ ಬೇರೆ ಇಟ್ಟಿದ್ದಾನೆ. ಅದಕ್ಕೆ ಬ್ಯಾಂಕ್‌ರೋಲ್ ಎನ್ನುತ್ತಾರಂತೆ. ಒಮ್ಮೆ ಮೇಜಿಗೆ ಕೂರಲು 10 ಸಾವಿರ. ಅಂದರೆ ಮೂವತ್ತು ಸಲ ಪೂರ್ತಿ ಸೋತರೆ ಮಾತ್ರ ಕೈ ಖಾಲಿ. ಗಂಟು ಇಪ್ಪತ್ತು ಸಲದ ಹಣಕ್ಕಿಂತ ಕೆಳಗಿಳಿದರೆ ಚಿಕ್ಕ ಮೇಜಿಗೆ ಹೋಗಬೇಕು. ಮನೆಯ ಹಣ ಮುಟ್ಟಬಾರದು. "ಇದು ಜೂಜಲ್ಲ ಹಜ್ರತ್, ಕೌಶಲ. ಜೂಜುಕೋರ ಲೆಕ್ಕ ಇಡ್ತಾನಾ?" ಎಂದ.

ನಾನು ಹರಾಮ್, ಹಲಾಲ್ ಎಂದು ತಕ್ಷಣ ಶುರು ಮಾಡಲಿಲ್ಲ. ಬಿ.ಎ.ಯಲ್ಲಿ ಓದಿದ ಅರ್ಥಶಾಸ್ತ್ರ ಅಲ್ಪಸ್ವಲ್ಪ ನೆನಪಿದೆ. ಅವನದೇ ಪುಸ್ತಕವನ್ನು ಇಬ್ಬರೂ ಕೂತು ಓದಿದೆವು.

ಬಸ್ಸು, ರೂಮು, ಊಟ ಎಲ್ಲಿ ಎಂದೆ. ಬರೆದಿರಲಿಲ್ಲ. 29 ಸಲ ಹೋಗಿದ್ದಾನೆ, ಸಲಕ್ಕೆ 3 ಸಾವಿರವಾದರೂ ಆಗಿದೆ. ಅಲ್ಲಿಗೆ 87,000 ಹೋಯಿತು, ಉಳಿದದ್ದು 93,000. ಎಲೆ ಹಂಚುವವರಿಗೆ ಕೊಟ್ಟ ಟಿಪ್ಸ್ ಎಷ್ಟೋ ಅವನಿಗೇ ನೆನಪಿಲ್ಲ. ಆಮೇಲೆ ಅವನೇ ತಗ್ಗಿದ ದನಿಯಲ್ಲಿ ಹೇಳಿದ: ಎದುರುಬದುರು ಕೂತು ಆಡುವಾಗ ಗಂಟೆಗೆ ಸುಮಾರು ಮೂವತ್ತು ಸುತ್ತು ಮಾತ್ರ ಆಗುತ್ತದೆ, 400 ಗಂಟೆ ಎಂದರೆ ಹನ್ನೆರಡು ಸಾವಿರ ಸುತ್ತು, ಲಾಭ ಬಂದದ್ದು ಕೌಶಲದಿಂದಲೋ ಅದೃಷ್ಟದಿಂದಲೋ ಎಂದು ತೀರ್ಮಾನಿಸಲು ಅಷ್ಟು ಸಾಲದು. ಅಂದರೆ ಪುಸ್ತಕವಿದ್ದೂ ಅವನಿಗೆ ಗೊತ್ತಿಲ್ಲ.

ಆ ಮೇಜಿನಲ್ಲಿ ಯಾರೂ ಏನನ್ನೂ ಬೆಳೆಯುವುದಿಲ್ಲ, ಹೊಲಿಯುವುದಿಲ್ಲ, ಮಾರುವುದಿಲ್ಲ. ಇರುವುದು ಒಂಬತ್ತು ಜನ ತಂದ ಹಣ ಅಷ್ಟೆ. ಪ್ರತಿ ಸುತ್ತಿನಲ್ಲೂ ನಡೆಸುವವರು ತಮ್ಮ ಪಾಲು ಎತ್ತಿಕೊಳ್ಳುತ್ತಾರೆ. ಸುತ್ತಿಗೆ ಸರಾಸರಿ 200 ಎಂದೇ ಇಟ್ಟುಕೊಳ್ಳಿ, ಗಂಟೆಗೆ 6,000, ಏಳು ಗಂಟೆಯ ರಾತ್ರಿಗೆ 42,000. ಬೆಳಗಾಗುವಾಗ ಒಂಬತ್ತು ಜನ ಒಟ್ಟಾಗಿ ಅಷ್ಟು ಬಡವರಾಗಿರುತ್ತಾರೆ. ಅದರ ಮೇಲೂ ಒಬ್ಬ ಗೆದ್ದು ಎದ್ದರೆ ಆ ಹಣ ಎಲ್ಲಿಂದ ಬಂತು?

ಅದಕ್ಕೂ ಪುಸ್ತಕದಲ್ಲಿ ಉತ್ತರವಿತ್ತು. ಹಿಂಬದಿಯ ಪುಟಗಳಲ್ಲಿ ಎದುರಾಳಿಗಳ ಬಗ್ಗೆ ಬರೆದುಕೊಂಡಿದ್ದ. ಒಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು. ಇಂಥವನು ಸೋತ ಮೇಲೆ ಸಿಟ್ಟಿನಿಂದ ಆಡುತ್ತಾನೆ, ಅವನು ಕೂತಿರುವವರೆಗೆ ಮೇಜು ಬಿಟ್ಟು ಏಳಬೇಡ ಎಂದಿತ್ತು. "ಯಾರು ಬೇಟಾ ಇವನು?" "ಟೈಲ್ಸ್ ಕೆಲಸದವನು, ಹಜ್ರತ್. ಆ ರಾತ್ರಿ ನಲವತ್ತು ಸಾವಿರ ಕಳಕೊಂಡ." ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅಲ್‌ಮಾಇದಾದ 90 ಮತ್ತು 91ನೆಯ ಆಯತ್‌ಗಳು ಜೂಜನ್ನು ಶೈತಾನನ ಕೆಲಸ ಎನ್ನುತ್ತವೆ, ಅದು ನಿಮ್ಮ ನಡುವೆ ವೈರ ಹುಟ್ಟಿಸುತ್ತದೆ, ನಮಾಝಿನಿಂದ ತಡೆಯುತ್ತದೆ ಎನ್ನುತ್ತವೆ. "ಎಲ್ಲರೂ ಒಪ್ಪಿಯೇ ಕೂತಿರ್ತಾರಲ್ಲ?" ಎಂದು ಅವನು ಕೇಳಿದ. ಅನ್ನಿಸಾಅ್‌ನ 29ನೆಯ ಆಯತ್ ನೋಡಿ. ಪರಸ್ಪರ ಒಪ್ಪಿಗೆಯ ಮಾತು ಅಲ್ಲಿ ವ್ಯಾಪಾರದ ಜೊತೆ ಬಂದಿದೆ. ಸೋತವನ ಸಿಟ್ಟು ಕಾದು ಕೂರುವುದು ವ್ಯಾಪಾರವಲ್ಲ. ಕೌಶಲದ ಮಾತಿಗೆ ಬಂದರೆ, ಸುಪ್ರೀಂ ಕೋರ್ಟ್ 1967ರಲ್ಲೇ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತ್ತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದ ಆಟಗಳ ಮೇಲೆ ತಂದ ನಿಷೇಧ ಕೌಶಲವೋ ಅದೃಷ್ಟವೋ ಎಂದು ನೋಡುವುದಿಲ್ಲ. ನೆಲದ ಕಾನೂನು ಹೀಗೆ ಬದಲಾಗುತ್ತಿರುತ್ತದೆ. ಶರೀಅತ್ ಕೇಳುವುದು, ಹಣ ಪಣಕ್ಕಿಟ್ಟು ಒಬ್ಬನ ನಷ್ಟದಿಂದಲೇ ಇನ್ನೊಬ್ಬ ಪಡೆಯುತ್ತಾನೋ ಇಲ್ಲವೋ ಎಂದು. ಬನ್ನಿ ಜೂಜಾಡೋಣ ಎಂದು ಬಾಯಲ್ಲಿ ಹೇಳಿದವನೂ ಸದಕಾ ಕೊಡಲಿ ಎಂಬರ್ಥದ ಹದೀಸ್ ಬುಖಾರಿಯಲ್ಲಿದೆ.

ಮನೆಯ ಹಣ ಮುಟ್ಟಬಾರದು ಎಂಬ ಅವನ ನಿಯಮ ಕೇಳಲು ಚೆನ್ನಾಗಿದೆ. ಆದರೆ ಅದು ತಿರುಗಿ ಕಚ್ಚುತ್ತದೆ, ಆಟದ ಹಣವನ್ನು ಮನೆ ಮುಟ್ಟಬಾರದು ಎಂದೂ ಆಗುತ್ತದೆ. ಅವನ ತಂಗಿಯ ಮದುವೆಗೆ ಒಂದೂವರೆ ಲಕ್ಷ ಬೇಕಾಯಿತು. ಗಂಟಿನಲ್ಲಿ ಮೂರು ಲಕ್ಷದ ಮೇಲಿತ್ತು. ತೆಗೆದರೆ ಚಿಕ್ಕ ಮೇಜಿಗೆ ಇಳಿಯಬೇಕಾಗುತ್ತಿತ್ತು. ಹೆಂಡತಿಯ ಬಳೆಗಳನ್ನು ಬಡ್ಡಿಗೆ ಅಡವಿಟ್ಟ. ಇದನ್ನು ಹೇಳುವಾಗ ಅವನ ತಲೆ ಬಗ್ಗಿತ್ತು. ಆ ಬಡ್ಡಿಯೂ ಪುಸ್ತಕದಲ್ಲಿ ಇರಲಿಲ್ಲ. ಆ ಬಳೆಗಳು ಅವಳ ಮಹರ್ ಎಂಬುದಂತೂ ಇರಲೇ ಇಲ್ಲ.

ಇನ್ನು ಆ ಲಕೋಟೆ. ಅಜ್ಞಾನಕಾಲದ ಅರಬರು ಒಂಟೆ ಕೊಯ್ದು ಪಾಲು ಮಾಡಿ, ಬಾಣಗಳನ್ನೆತ್ತಿ ಜೂಜಾಡುತ್ತಿದ್ದರು. ಖಾಲಿ ಬಾಣ ಬಂದವರು ಒಂಟೆಯ ಬೆಲೆ ತೆರಬೇಕಿತ್ತು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದರು ಎಂದು ತಫ್ಸೀರ್‌ಗಳಲ್ಲಿದೆ. ಅಲ್‌ಬಕರಾದ 219ನೆಯ ಆಯತ್ ಜೂಜಿನಲ್ಲಿ ಜನರಿಗೆ ಸ್ವಲ್ಪ ಪ್ರಯೋಜನವಿದೆ ಎಂದು ಅಲ್ಲಗಳೆಯದೆ ಹೇಳಿ, ಪಾಪ ಅದಕ್ಕಿಂತ ದೊಡ್ಡದು ಎನ್ನುತ್ತದೆ. ಬಡವರಿಗೆ ಹಂಚಿದರೂ ಜೂಜು ಹಲಾಲ್ ಆಗಲಿಲ್ಲ. ನಮ್ಮ ವುಝೂಖಾನೆಯ ನಲ್ಲಿಯಿಂದ ಆಗುತ್ತದೆಯೇ? ನಾನು ತೆಗೆದುಕೊಳ್ಳಲಿಲ್ಲ. ಸುಲಭವಾಗಿರಲಿಲ್ಲ, ಅಲ್ಲಿ ನೀರು ಸೋರುತ್ತಿರುವುದು ನಿಮಗೂ ಗೊತ್ತು.

ಹಾಗಾದರೆ ಆ ಹಣ ಏನು ಮಾಡಲಿ ಎಂದು ಕೇಳಿದ. ಆಟ ಬಿಟ್ಟು ತೌಬಾ ಮಾಡುವುದು ಮೊದಲು. ಗೆದ್ದದ್ದು ಯಾರದೆಂದು ಗೊತ್ತಿದ್ದರೆ ಅವರಿಗೇ ಮರಳಿಸಬೇಕು. ಗೊತ್ತಿಲ್ಲದ್ದನ್ನು ಪುಣ್ಯದ ಆಸೆಯಿಲ್ಲದೆ ನಿರ್ಗತಿಕರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಅದು ಝಕಾತ್ ಅಲ್ಲ, ದಾನವೂ ಅಲ್ಲ. ತಾನು ದುಡಿದು ಹಾಕಿದ ಅಸಲು ಅವನದೇ. ಅದರಿಂದ ಮೊದಲು ಬಳೆ ಬಿಡಿಸು ಎಂದೆ.

ಬಳೆ ಬಿಡಿಸಿದ್ದಾನೆ. ಟೈಲ್ಸ್ ಕೆಲಸದವನನ್ನು ಇನ್ನೂ ಹುಡುಕುತ್ತಿದ್ದಾನೆ, ಫೋನ್ ನಂಬರ್ ಸಿಕ್ಕಿಲ್ಲ. ನಡುವೆ ಒಂದು ಶನಿವಾರ ಗೋವಾ ಬಸ್‌ ನಿಲ್ದಾಣದವರೆಗೆ ಹೋಗಿ ಮರಳಿದೆ ಎಂದು ತಾನೇ ಫೋನ್ ಮಾಡಿ ತಿಳಿಸಿದ. ಅವನಿಗಾಗಿ ದುಆ ಮಾಡಿ.

ನಿಮ್ಮಲ್ಲಿ ಯಾರಿಗಾದರೂ, ಅಥವಾ ನಿಮ್ಮ ಮಕ್ಕಳಿಗೆ, ಇಂಥ ಸಾಲ ಅಥವಾ ಇಂಥ ಲಾಭ ಇದ್ದರೆ, ಮಂಗಳವಾರ ಇಶಾ ನಂತರ ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ. ಲೆಕ್ಕ ಬಲ್ಲ ಹಿರಿಯರೊಬ್ಬರೂ ಜೊತೆಗಿರುತ್ತಾರೆ. ಮಾತು ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಪುಸ್ತಕ ಇದ್ದರೆ ತನ್ನಿ.