ಕರುಳು, ಕೋತಿ, ರೇಷ್ಮೆಹುಳು



ನಮ್ಮ ಮಂಡ್ಯ ಸೀಮೆಯ ನಾಗಮಂಗಲ, ಕೆ.ಆರ್. ಪೇಟೆ ಕಡೆ ಯಾವ ಭಾವಕ್ಕೆ ಮೈಯಲ್ಲಿ ಎಲ್ಲಿ ಜಾಗ ಅಂತ ಯಾರೂ ಹೇಳಿಕೊಡುವುದಿಲ್ಲ. ಆದರೂ ಮಾತಿನಲ್ಲಿ ಯಾರೂ ತಪ್ಪುವುದಿಲ್ಲ. ಧೈರ್ಯಕ್ಕೆ ಗುಂಡಿಗೆ ಬೇಕು. ಭಯವಾದರೆ ಝಲ್ಲೆನ್ನುವುದು ಎದೆ. ಪಕ್ಕದ ಹೊಲದವನ ಬೆಳೆಗೆ ಒಳ್ಳೆ ರೇಟು ಸಿಕ್ಕಿತೋ, ಕಿಚ್ಚು ಹತ್ತಿಕೊಳ್ಳುವುದು ಹೊಟ್ಟೆಗೆ. ಮಗ ಊರು ಬಿಟ್ಟು ಹೊರಟರೆ ಚುರುಕ್ಕೆನ್ನುವುದು ತಾಯಿಯ ಕರುಳು. ಇದನ್ನೆಲ್ಲ ಬರೀ ಹಳ್ಳಿ ಮಾತು ಅಂದುಕೊಳ್ಳುತ್ತೇವೆ. ಆದರೆ 1611ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ, ಜೇಮ್ಸ್ ದೊರೆಯ ಹೆಸರಿನ ಬೈಬಲ್ಲಿನಲ್ಲೂ ಕರುಣೆ ಹುಟ್ಟುವುದು ಕರುಳಿನಲ್ಲೇ. ಅದಕ್ಕಿಂತ ಆರೇಳು ಶತಮಾನ ಹಿಂದಿನ ಇಂಗ್ಲಿಷ್ ಕವಿತೆಗಳಲ್ಲಿ ಎದೆಯೊಂದು ಬೀಗ ಹಾಕಿದ ಪೆಟ್ಟಿಗೆ, ಆಡದೆ ಉಳಿಸಿಕೊಂಡ ಮಾತು ಅದರೊಳಗಿನ ಒಡವೆ. ಮುಂದೆ ಅವರಲ್ಲಿ ಹೃದಯ ಗೆದ್ದಿತು, ಕರುಳು ಹಿಂದೆ ಸರಿಯಿತು. ನಮ್ಮವರು ಮಾತ್ರ ಎರಡನ್ನೂ ಬಿಡಲಿಲ್ಲ.

ನಮ್ಮ ಗ್ರಂಥಗಳಿಗೆ ಬನ್ನಿ, ಅಲ್ಲಿ ಮನಸ್ಸಿನ ಮೇಲೆ ಅಷ್ಟು ನಂಬಿಕೆ ಇದ್ದಂತಿಲ್ಲ. ಕಠೋಪನಿಷತ್ತಿನಲ್ಲಿ ದೇಹ ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು. ಅದು ಬುದ್ಧಿಯೆಂಬ ಸಾರಥಿಯ ಕೈಯಲ್ಲಿ ಬಿಗಿಯಾಗಿರಬೇಕು. ಬಸವಣ್ಣನವರ ವಚನದಲ್ಲಿ ಅದು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿ. ನಿಂತಲ್ಲಿ ನಿಲ್ಲದು ಅನ್ನುವ ಅಳಲು.

ಅಕ್ಕಮಹಾದೇವಿಯ ದಾರಿಯೇ ಬೇರೆ. ಆಕೆ ಮನಸ್ಸಿನ ಬಯಕೆಗೆ ಹೋಲಿಕೆಯಾಗಿ ತಂದದ್ದು ರೇಷ್ಮೆಹುಳುವನ್ನು. ಇದು 12ನೇ ಶತಮಾನದ ಮಾತು. ನಮ್ಮ ಸೀಮೆಯಲ್ಲಿ ರೇಷ್ಮೆ ಒಂದು ಕಸುಬಾಗಿ ಬೇರುಬಿಟ್ಟದ್ದು 18ನೇ ಶತಮಾನದ ಕೊನೆಯಲ್ಲಿ, ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ್ ಅದಕ್ಕೆ ಒತ್ತಾಸೆ ಕೊಟ್ಟ ಮೇಲೆ. ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದವರಿಗೆ ಅಕ್ಕನ ವಚನವನ್ನು ಪಂಡಿತರು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟರೆ ಅದು ಮೇವಿನ ಗೊಡವೆ ಬಿಟ್ಟು, ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ನೂಲು ಬಿಡತೊಡಗುತ್ತದೆ. ಮೊದಮೊದಲು ಹುಳು ಪೂರ್ತಿ ಕಾಣುತ್ತದೆ. ಆಮೇಲೆ ತೆಳುವಾದ ಪರದೆಯೊಳಗೆ ಬರೀ ಓಡಾಟ ಕಾಣುತ್ತದೆ. ಎರಡು ಮೂರು ದಿನ ಕಳೆದರೆ ಗೂಡಷ್ಟೇ. ಆ ಹುಳುವನ್ನು ಯಾರೂ ಕಟ್ಟಿಹಾಕಲಿಲ್ಲ; ತನ್ನ ಮೈಯ ನೂಲಿನಲ್ಲಿ ತಾನೇ ಸುತ್ತಿಕೊಂಡಿತು. ಕೋತಿಯನ್ನು ಹಗ್ಗದಿಂದ ಹಿಡಿಯಬಹುದು, ಹಗ್ಗವೂ ತಾನೇ ಆಗಿರುವುದನ್ನು ಯಾವ ಹಗ್ಗದಿಂದ ಹಿಡಿಯುತ್ತೀರಿ? ನನ್ನ ಮಟ್ಟಿಗೆ, ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬಂದ ಹೋಲಿಕೆಗಳಲ್ಲಿ ಇದರ ಸಮಕ್ಕೆ ನಿಲ್ಲುವುದು ಕಡಿಮೆ.

ಇನ್ನೊಬ್ಬ ಹೆಣ್ಣುಮಗಳು ಶ್ರೀರಂಗಪಟ್ಟಣದ ಅರಮನೆಯಲ್ಲೇ ಇದ್ದವಳು. 18ನೇ ಶತಮಾನದ ಆರಂಭದಲ್ಲಿ ಆಳಿದ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ. ಆಕೆಯ ‘ವರನಂದಿ ಕಲ್ಯಾಣ’ ಸಾಂಗತ್ಯದಲ್ಲಿದೆ; ಕಥೆ ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯದು. ದಿಲ್ಲಿ ಸುಲ್ತಾನನ ಮಗಳು ಅಲ್ಲಿನ ದೇವರು ಚೆಲುವನಾರಾಯಣನಿಗೆ ಮನಸೋತ ಐತಿಹ್ಯ ನಿಮಗೆಲ್ಲ ಗೊತ್ತು. ಗೊಂಬೆಯೆಂದು ಆಡಿಸುತ್ತಿದ್ದ ಉತ್ಸವಮೂರ್ತಿಯನ್ನು ರಾಮಾನುಜಾಚಾರ್ಯರು ಕರೆತಂದಾಗ ಆಕೆಯೂ ಅದರ ಬೆನ್ನು ಹತ್ತಿ ಬಂದಳಂತೆ. ಲಗಾಮಿಲ್ಲದೆ ಓಡಿದ ಮನಸ್ಸು ಇದು. ಉಪನಿಷತ್ತಿನ ಸಾರಥಿ ಕಂಡಿದ್ದರೆ ಗಾಬರಿ ಬೀಳುತ್ತಿದ್ದ! ಚೆಲುವಾಂಬೆ ಅದನ್ನು ದಂಡಿಸಲಿಲ್ಲ, ಮದುವೆ ಮಾಡಿಸಿದಳು. ಆ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಆಗಿ ಈಗಲೂ ಸ್ವಾಮಿಯ ಪಾದದ ಬಳಿ ಇದ್ದಾಳೆ.

ಹೊಸಗಾಲಕ್ಕೆ ಬಂದರೆ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ.ಶ್ರೀ. 1926ರಲ್ಲಿ ಇಂಗ್ಲಿಷ್ ಕವಿತೆಗಳನ್ನು ಕನ್ನಡಿಸಿ ‘ಇಂಗ್ಲಿಷ್ ಗೀತಗಳು’ ತಂದರು. ಆಮೇಲೆ ನಮ್ಮ ಭಾವಗೀತೆಗಳಲ್ಲಿ ಹೃದಯದ ಸಂಭ್ರಮ ಜೋರಾಯಿತು; ಕೆಲವು ಸಲ ಅತಿಯಾಯಿತು ಅಂತಲೂ ನನಗೆ ಅನ್ನಿಸುವುದುಂಟು.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ಅದರಲ್ಲಿ ದೂರದಿಂದ ದಣಿದು ಮಾವನ ಮನೆಗೆ ಬರುವ ರಾಯರಿದ್ದಾರಲ್ಲ, ಅವರನ್ನು ನೆನೆಯಿರಿ. ಉಪಚಾರಕ್ಕೆ ಏನೂ ಕಡಿಮೆಯಿಲ್ಲ, ಹೆಂಡತಿ ಮಾತ್ರ ಕಾಣಿಸುವುದಿಲ್ಲ. ಒಳಗಿಲ್ಲ ಎನ್ನುವ ಸುದ್ದಿ ನಾದಿನಿಯ ಬಾಯಿಂದ ಬರುತ್ತದೆ. ರಾಯರ ಮನಸ್ಸು ಕೋತಿಯಾಯಿತು, ಎದೆ ಒಡೆಯಿತು ಅಂತ ಕವಿ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಮನೆ, ಕೋಣೆ, ನಾದಿನಿಯ ನಗು ಇವಿಷ್ಟನ್ನೇ ತೋರಿಸುತ್ತಾರೆ. ಉಳಿದದ್ದು ಮಂಡ್ಯ ಸೀಮೆಯ ಅಳಿಯಂದಿರಿಗೆಲ್ಲ ಗೊತ್ತು.